ಹೆಡ್‌ಫೋನಿನಲ್ಲಿ ಶಬ್ದವು ಕೆಟ್ಟಾಗ ನೋಡತಕ್ಕ ವಿಷಯಗಳು

ಹೆಣ್ಣುಮಕ್ಕಳ ಹೈಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ಕಂಪ್ಯೂಟರಿನ ಆಟಗಳ ವಿಷಯವೂ ಬರಬೇಕೇ ಎಂದು ಹಿರಿಯರಾದ ಕೆಲವು ವಾಚಕರು ಆಶ್ಚರ್ಯಪಡಬಹುದು. ಆದರೆ 2020ನೆಯ ಇಸವಿಯಲ್ಲಿ ಶಾಲೆಗಳು ಮುಚ್ಚಲ್ಪಟ್ಟಂದಿನಿಂದ ನಮ್ಮ ಬಾಲಿಕೆಯರಲ್ಲಿ ಅನೇಕರ ಕಿವಿಗಳ ಮೇಲೆ ಹೆಡ್‌ಫೋನು ನೆಲೆಗೊಂಡಿದೆ. ಪಾಠ ಕೇಳುವುದಕ್ಕೆಂದು ಕೊಂಡುಕೊಟ್ಟ ಆ ಉಪಕರಣವು ಶಾಲೆಗಳು ತೆರೆದ ಮೇಲೆಯೂ ಮನೆಯನ್ನು ಬಿಟ್ಟುಹೋಗಲಿಲ್ಲ; ಪಾಠವು ಹೋಯಿತು, ಆಟವು ಅದರ ಸ್ಥಾನಕ್ಕೆ ಬಂದಿತು. ಎಷ್ಟು ಹೊತ್ತು ಆಡುವುದು ಯುಕ್ತವೆಂಬುದು ಬೇರೆ ಪ್ರಶ್ನೆ, ಅದನ್ನು ಇಲ್ಲಿ ಎತ್ತುವುದಿಲ್ಲ. ತಾಯ್ತಂದೆಗಳು ನಮ್ಮ ಬಳಿಗೆ ತರುವ ದೂರು ಇನ್ನೊಂದು: "ಟೀಚರೇ, ವರ್ಷಕ್ಕೆ ಎರಡು ಹೆಡ್‌ಫೋನು ತೆಗೆಸಿಕೊಟ್ಟರೂ ಸಾಲುವುದಿಲ್ಲ. ಒಂದು ಕಡೆ ಕೇಳಿಸುವುದಿಲ್ಲವಂತೆ, ಗೊರಗೊರ ಅನ್ನುತ್ತದಂತೆ." ಹಳೇ ವಿದ್ಯಾರ್ಥಿನಿಯರಲ್ಲಿ ಈಗ ತಾಯಂದಿರಾಗಿರುವವರೂ ಇದನ್ನೇ ಹೇಳುತ್ತಾರೆ.

ಹೀಗೆ ಎಸೆಯಲ್ಪಡುವ ಹೆಡ್‌ಫೋನುಗಳಲ್ಲಿ ದೋಷವಿಲ್ಲದವುಗಳೂ ಇರುತ್ತವೆ. ಹಣದ ನಷ್ಟವು ಒಂದು ಮಾತು. ಅದಕ್ಕಿಂತ ಹೆಚ್ಚಿನದು ಯಾವುದೆಂದರೆ, ದೋಷವು ಎಲ್ಲಿದೆಯೆಂದು ತಿಳಿಯದ ಹುಡುಗಿಯು ತನಗೆ ತಿಳಿದ ಒಂದೇ ಉಪಾಯವನ್ನು ಮಾಡುತ್ತಾಳೆ, ಶಬ್ದವನ್ನು ಏರಿಸುತ್ತಾಳೆ. ವಯರಿನ ತಪ್ಪಿಗೆ ಕಿವಿಯು ದಂಡ ತೆರಬೇಕಾಗುತ್ತದೆ. ಆದುದರಿಂದ ದೋಷವನ್ನು ಕ್ರಮವಾಗಿ ಹುಡುಕುವ ರೀತಿಯನ್ನು ಇಲ್ಲಿ ವಿವರಿಸುತ್ತೇವೆ. ಇದಕ್ಕೆ ವಿಶೇಷವಾದ ವಿದ್ಯೆಯು ಬೇಕಿಲ್ಲ. ಲೆಕ್ಕದಲ್ಲಿ ಉತ್ತರ ತಪ್ಪಿದಾಗ ಒಂದೊಂದೇ ಹೆಜ್ಜೆಯನ್ನು ತಿರುಗಿ ನೋಡುವಷ್ಟು ತಾಳ್ಮೆಯಿದ್ದರೆ ಸಾಕು. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಾಯಿಸಬೇಕು. ಬದಲಾಯಿಸಿದ ಮೇಲೆ ದೋಷವು ಆ ವಸ್ತುವಿನೊಂದಿಗೆ ಹೋಯಿತೋ, ಇದ್ದಲ್ಲಿಯೇ ಉಳಿಯಿತೋ ಎಂದು ನೋಡಬೇಕು. ಮುಂದೆ ಹೇಳುವುದೆಲ್ಲವೂ ಈ ಒಂದು ನಿಯಮದ ವಿಸ್ತಾರವೇ.

ಮೊದಲನೆಯದಾಗಿ, ಆ ಹೆಡ್‌ಫೋನನ್ನು ಕಂಪ್ಯೂಟರಿನಿಂದ ತೆಗೆದು ಬೇರೆ ಯಾವುದಾದರೂ ಫೋನಿಗೋ ಟಿ.ವಿ.ಗೋ ಹಚ್ಚಿ ಕೇಳಿರಿ. ದೋಷವು ಅಲ್ಲಿಯೂ ಕಂಡುಬಂದರೆ ಹೆಡ್‌ಫೋನಿನದೇ, ಕಾಣದಿದ್ದರೆ ಕಂಪ್ಯೂಟರಿನದು. ಎರಡನೆಯದಾಗಿ, ಅದೇ ಕಂಪ್ಯೂಟರಿನಲ್ಲಿ ಆಟವನ್ನು ನಿಲ್ಲಿಸಿ ಒಂದು ಹಾಡನ್ನು ಹಚ್ಚಿರಿ. ಹಾಡು ಚೆನ್ನಾಗಿ ಕೇಳಿಸಿ ಆಟ ಮಾತ್ರ ಮೂಕವಾಗಿದ್ದರೆ, ಆಟದ ಏರ್ಪಾಡಿನಲ್ಲಿ ತಪ್ಪಿದೆಯೆಂದು ತಿಳಿಯಬೇಕು. ಐದು ನಿಮಿಷದ ಈ ಎರಡು ಪರೀಕ್ಷೆಗಳನ್ನು ಮಾಡದೆ ಅಂಗಡಿಗೆ ಹೋಗಕೂಡದು.

ತಪ್ಪು ಕಂಪ್ಯೂಟರಿನಲ್ಲಿದೆಯೆಂದು ಕಂಡುಬಂದ ಪಕ್ಷದಲ್ಲಿ, ಶಬ್ದವು ಯಾವ ಬಾಗಿಲಿನಿಂದ ಹೊರಗೆ ಹೋಗುತ್ತಿದೆಯೆಂಬುದನ್ನು ನೋಡತಕ್ಕದ್ದು. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಸೌಂಡ್ ಎಂಬಲ್ಲಿಗೆ ಹೋದರೆ ಔಟ್‌ಪುಟ್ ಎಂಬುದರ ಕೆಳಗೆ ಹೆಸರುಗಳ ಪಟ್ಟಿಯೊಂದಿರುತ್ತದೆ. ಎಚ್‌ಡಿಎಂಐ ತಂತಿಯಿಂದ ಮಾನಿಟರನ್ನು ಜೋಡಿಸಿದ್ದರೆ ಕಂಪ್ಯೂಟರು ಎಷ್ಟೋ ಸಲ ಮಾನಿಟರಿಗೇ ಶಬ್ದವನ್ನು ಕಳುಹಿಸುತ್ತಿರುತ್ತದೆ. ಆ ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೂ ಸರಿ. ಪಟ್ಟಿಯಲ್ಲಿ ಹೆಡ್‌ಫೋನಿನ ಹೆಸರನ್ನು ಆರಿಸಿಕೊಂಡರೆ ಸಾಕು. ಅಲ್ಲಿಯೇ ವಾಲ್ಯೂಮ್ ಮಿಕ್ಸರ್ ಎಂಬುದೂ ಇದೆ. ಅದರಲ್ಲಿ ಆಟಕ್ಕೆ ಬೇರೆ, ಹಾಡಿಗೆ ಬೇರೆ ಎಂದು ಶಬ್ದದ ಅಳತೆ ಇಡಲ್ಪಟ್ಟಿರುತ್ತದೆ. ಆಟದ ಅಳತೆಯನ್ನು ಯಾರೋ ಸೊನ್ನೆಗೆ ಇಳಿಸಿರಬಹುದು. ಇನ್ನೂ ಒಂದು ಸಂಗತಿಯುಂಟು. ಕೆಲವು ಆಟಗಳು ತಾವು ಆರಂಭವಾದಾಗ ಯಾವ ಉಪಕರಣವಿತ್ತೋ ಅದನ್ನೇ ಕೊನೆಯವರೆಗೆ ಹಿಡಿದಿರುತ್ತವೆ. ಆದಕಾರಣ ಹೆಡ್‌ಫೋನನ್ನು ಮೊದಲು ಹಚ್ಚಿ ಆಟವನ್ನು ಆಮೇಲೆ ತೆರೆಯುವುದು ಒಳ್ಳೆಯದು.

ಗೆಳತಿಯರು ದೂರದಿಂದ ಒಬ್ಬರೊಡನೊಬ್ಬರು ಮಾತಾಡುತ್ತಾ ಆಡುವಾಗ, ಮಾತು ಆರಂಭವಾದೊಡನೆ ಆಟದ ಶಬ್ದವು ಕುಗ್ಗಿಹೋಗುತ್ತದೆಂದು ಕೆಲವು ಹುಡುಗಿಯರು ಹೇಳುವುದುಂಟು. ಇದು ದೋಷವಲ್ಲ, ವಿಂಡೋಸಿನವರು ಬೇಕೆಂದೇ ಇಟ್ಟ ಏರ್ಪಾಡು. ಕರೆಯೊಂದು ಬಂದಿದೆಯೆಂದು ಕಂಪ್ಯೂಟರಿಗೆ ತೋರಿದರೆ ಅದು ಉಳಿದ ಶಬ್ದಗಳನ್ನೆಲ್ಲ ನೂರಕ್ಕೆ 80 ಪಾಲು ತಗ್ಗಿಸುತ್ತದೆ. ಸೌಂಡ್ ಎಂಬಲ್ಲಿ ಮೋರ್ ಸೌಂಡ್ ಸೆಟ್ಟಿಂಗ್ಸ್ ಎಂಬುದನ್ನು ತೆರೆದು, ಕಮ್ಯುನಿಕೇಶನ್ಸ್ ಎಂಬ ಪುಟದಲ್ಲಿ ಏನನ್ನೂ ಮಾಡಬೇಡವೆಂಬ ಅರ್ಥದ ಕೊನೆಯ ಸಾಲನ್ನು ಆರಿಸಿದರೆ ಈ ತೊಂದರೆಯು ನಿಲ್ಲುತ್ತದೆ. ಇದನ್ನು ಅರಿಯದ ಮಕ್ಕಳು ಆಟದ ಶಬ್ದವನ್ನು ತುಂಬಾ ಏರಿಸಿಕೊಂಡಿರುತ್ತಾರೆ. ಗೆಳತಿಯು ಮಾತು ಮುಗಿಸಿ ಹೋದೊಡನೆ ಅದು ಐದು ಪಾಲಾಗಿ ಕಿವಿಗೆ ಅಪ್ಪಳಿಸುತ್ತದೆ.

ಈಗ ತಂತಿಯ ವಿಷಯಕ್ಕೆ ಬರೋಣ. ಹೆಡ್‌ಫೋನಿನ ವಯರಿನ ತುದಿಯಲ್ಲಿರುವ ಪಿನ್ನು ಟೆಲಿಫೋನ್ ಎಕ್ಸ್‌ಚೇಂಜಿನ ಮನೆತನಕ್ಕೆ ಸೇರಿದ್ದು. ಕರೆಯನ್ನು ಕೂಡಿಸುವುದಕ್ಕಾಗಿ ಹಲಗೆಯ ತೂತುಗಳಿಗೆ ಇಂತಹ ಪಿನ್ನುಗಳನ್ನು ಚುಚ್ಚುತ್ತಿದ್ದರು. 1878ರಲ್ಲಿ ಅಮೇರಿಕೆಯ ಬಾಸ್ಟನ್ ಪಟ್ಟಣದಲ್ಲಿ ಎಮ್ಮಾ ನಟ್ ಎಂಬಾಕೆಯು ಈ ಉದ್ಯೋಗಕ್ಕೆ ಸೇರಿದ ಮೊದಲನೆಯ ಸ್ತ್ರೀಯೆಂದು ಪ್ರಸಿದ್ಧಳಾಗಿದ್ದಾಳೆ. ಹೆಣ್ಣುಮಕ್ಕಳಿಗೆ ಕಚೇರಿಗಳ ಬಾಗಿಲು ತೆರೆದುಕೊಟ್ಟ ಉದ್ಯೋಗಗಳಲ್ಲಿ ಅದೂ ಒಂದಾದುದರಿಂದ, ಈ ಪಿನ್ನನ್ನು ನೋಡುವಾಗ ನಮಗೆ ಸ್ವಲ್ಪ ಗೌರವವೇ ಉಂಟಾಗುತ್ತದೆ. ಅಂದಿನ ಪಿನ್ನು ಕಾಲು ಇಂಚು ದಪ್ಪ. ಇಂದಿನದು ಮೂರೂವರೆ ಮಿಲಿಮೀಟರು.

ಆ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರೆ ಮೈಮೇಲೆ ಸಣ್ಣ ಬಳೆಗಳು ಕಾಣುತ್ತವೆ. ಎರಡು ಬಳೆಗಳಿದ್ದರೆ ಲೋಹವು ಮೂರು ಭಾಗವಾಯಿತು: ತುದಿಯದು ಎಡಗಿವಿಗೆ, ನಡುವಿನದು ಬಲಗಿವಿಗೆ, ಬುಡದ್ದು ಎರಡಕ್ಕೂ ಸಾಮಾನ್ಯವಾದ ಹಿಂದಿರುಗುವ ದಾರಿ. ಮೂರು ಬಳೆಗಳಿದ್ದರೆ ನಾಲ್ಕು ಭಾಗ, ಹೆಚ್ಚಾದದ್ದು ಮೈಕಿಗೆ. ಇಷ್ಟು ತಿಳಿದರೆ ಅನೇಕ ವಿಚಿತ್ರಗಳು ತಾವಾಗಿಯೇ ಅರ್ಥವಾಗುತ್ತವೆ. ಪಿನ್ನು ಪೂರ್ತಿ ಒಳಗೆ ಹೋಗದಿದ್ದರೆ ಅಥವಾ ತೂತಿನ ತಳದಲ್ಲಿ ಧೂಳೂ ನೂಲೂ ಕುಳಿತಿದ್ದರೆ, ಒಂದು ಭಾಗವು ಮುಟ್ಟಬೇಕಾದಲ್ಲಿ ಮುಟ್ಟದೆ ಒಂದೇ ಕಿವಿಯಲ್ಲಿ ಶಬ್ದ ಬರುತ್ತದೆ. ಇನ್ನು ಹಿಂದಿರುಗುವ ದಾರಿಯೇ ಕಡಿದುಹೋದರೆ ಆಗುವುದು ಬಹು ವಿನೋದವಾಗಿದೆ. ವಿದ್ಯುತ್ತು ಒಂದು ಕಿವಿಯೊಳಗಿಂದ ಹಾಯ್ದು ಇನ್ನೊಂದು ಕಿವಿಯ ಮೂಲಕವೇ ಹಿಂದಿರುಗಬೇಕಾಗುವುದರಿಂದ, ಎರಡು ಪಕ್ಕಗಳಲ್ಲಿಯೂ ಸಮನಾಗಿರುವ ಶಬ್ದವು ಪರಸ್ಪರ ಕಳೆದುಹೋಗಿ, ಭೇದವಿರುವಷ್ಟು ಮಾತ್ರ ಉಳಿಯುತ್ತದೆ. ಹಾಡಿನಲ್ಲಿ ಗಾಯಕಿಯ ಧ್ವನಿಯು ಸಾಮಾನ್ಯವಾಗಿ ನಡುವೆ ಇರುವುದು; ಅದು ಮಾಯವಾಗಿ ವಾದ್ಯಗಳು ಬಾವಿಯೊಳಗಿನಿಂದ ಬಂದಂತೆ ಕೇಳಿಸುತ್ತವೆ. ಆಟದಲ್ಲಿ ಪಾತ್ರಗಳ ಮಾತು ಹೋಗಿ ಗಾಳಿಮಳೆಯ ಸದ್ದು ಉಳಿಯುತ್ತದೆ. ಆಟದೊಳಗೆ ಏನೋ ಕೆಟ್ಟಿದೆಯೆಂದು ಮಕ್ಕಳು ಅದನ್ನು ಅಳಿಸಿ ಪುನಃ ಹಾಕುವುದುಂಟು. ಆದರೆ ತಪ್ಪು ಪಿನ್ನಿನ ಬುಡದಲ್ಲಿರುತ್ತದೆ.

ಮೇಜಿನ ಮೇಲಿಡುವ ಕಂಪ್ಯೂಟರುಗಳಲ್ಲಿ ತೂತುಗಳು ಎರಡು. ಹಸಿರು ಹೆಡ್‌ಫೋನಿಗೆ, ಗುಲಾಬಿ ಮೈಕಿಗೆ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸಂಸ್ಥೆಗಳು ಕೂಡಿ ಪ್ರಕಟಿಸಿದ ಪಿಸಿ 99 ಎಂಬ ನಿಯಮಾವಳಿಯಿಂದ ಈ ಬಣ್ಣಗಳು ಬಂದವು. ನಾಲ್ಕು ಭಾಗದ ಪಿನ್ನನ್ನು ಹಸಿರು ತೂತಿಗೆ ಚುಚ್ಚಿದರೆ ಮೈಕು ಕೆಲಸ ಮಾಡಲಾರದು. ಒಂದನ್ನು ಎರಡಾಗಿ ಒಡೆಯುವ ಚಿಕ್ಕ ವಯರು ಅಂಗಡಿಯಲ್ಲಿ ಅಲ್ಪ ಬೆಲೆಗೆ ಸಿಗುತ್ತದೆ. ಅದರಿಂದ ಈ ಕೊರತೆ ತೀರುವುದು.

ವಯರು ಕಡಿಯುವುದು ಹೆಚ್ಚಾಗಿ ಎರಡು ಕಡೆಗಳಲ್ಲಿ, ಪಿನ್ನಿನ ಕುತ್ತಿಗೆಯಲ್ಲಿ ಮತ್ತು ಕಿವಿಯ ಬಟ್ಟಲಿಗೆ ಸೇರುವಲ್ಲಿ. ಶಬ್ದ ಬರುತ್ತಿರುವಾಗ ಅಲ್ಲಿ ಮೆಲ್ಲನೆ ಬಗ್ಗಿಸಿ ನೋಡಿದರೆ ಗೊತ್ತಾಗುತ್ತದೆ. ತೂತನ್ನು ಶುಚಿಮಾಡುವಾಗ ಸೂಜಿ ಹೇರ್‌ಪಿನ್ನುಗಳನ್ನು ಹಾಕಕೂಡದು. ಕಂಪ್ಯೂಟರನ್ನು ಆರಿಸಿ ಒಣ ಕುಂಚದಿಂದ ಧೂಳನ್ನು ತೆಗೆಯಬೇಕು. ಕರಾವಳಿಯವರು ಮಳೆಗಾಲದಲ್ಲಿ ಪಿನ್ನನ್ನೂ ಒಣಬಟ್ಟೆಯಿಂದ ಒರಸಿಡುವುದು ಲೇಸು.

ಒಂದೇ ಸಮನೆ ಗುಂಯ್‌ಗುಡುವ ಶಬ್ದವಿದ್ದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕೆಲವು ನಿಮಿಷ ತೆಗೆದು ನೋಡಿರಿ. ಗುಂಯ್‌ಗುಡುವುದು ನಿಂತರೆ ಅದು ವಿದ್ಯುತ್ತಿನ ದಾರಿಯಿಂದ ಬಂದದ್ದು. ಚಾರ್ಜರನ್ನೂ ಮನೆಯ ಅರ್ಥಿಂಗನ್ನೂ ಬಲ್ಲವರಿಗೆ ತೋರಿಸಬೇಕು. ಅರ್ಥಿಂಗು ಕೆಟ್ಟ ಮನೆಯಲ್ಲಿ ಅಪಾಯವು ಕಿವಿಗೆ ಮಾತ್ರವಲ್ಲ. ಚಟಪಟವೆಂಬ ಶಬ್ದವು ಯುಎಸ್‌ಬಿ ಹೆಡ್‌ಫೋನಿನಲ್ಲಿ ಬಂದರೆ ಬೇರೆ ಪೋರ್ಟಿಗೆ ಹಚ್ಚಿ ನೋಡಬಹುದು.

ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ಎರಡು ಕುಂದುಗಳು ಹುಟ್ಟಿನಿಂದಲೇ ಇವೆ. ಶಬ್ದವನ್ನು ಕಟ್ಟಿ ಕಳುಹಿಸಿ ಬಿಚ್ಚುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲೋ ಅದಕ್ಕಿಂತ ಹೆಚ್ಚೋ ತಡವಾಗುತ್ತದೆ. ಸಿನೆಮಾ ನೋಡುವಾಗ ಯಂತ್ರವು ಚಿತ್ರವನ್ನೂ ಅಷ್ಟೇ ಹಿಂದಕ್ಕೆ ತಡೆದು ಸರಿಹೊಂದಿಸಬಲ್ಲದು. ಆಟದಲ್ಲಿಯಾದರೋ ಚಿತ್ರವು ಆಡುವವಳ ಕೈಯನ್ನು ಕಾದಿರುವುದರಿಂದ ತಡೆಯಲಾಗದು. ಎರಡನೆಯದು, ಮೈಕನ್ನು ಉಪಯೋಗಿಸತೊಡಗಿದೊಡನೆ ಶಬ್ದವು ಹಳೆಯ ಟೆಲಿಫೋನಿನಂತೆ ಮಂಕಾಗುವುದು. ಸಾಧಾರಣ ಬ್ಲೂಟೂತಿನಲ್ಲಿ ಒಳ್ಳೆಯ ಶಬ್ದಕ್ಕೂ ಮಾತಿಗೂ ಬೇರೆ ಬೇರೆ ದಾರಿಗಳಿದ್ದು, ಎರಡನ್ನೂ ಒಟ್ಟಿಗೆ ತೆರೆಯಲಾಗುವುದಿಲ್ಲ. ಎಲ್‌ಇ ಆಡಿಯೋ ಎಂಬ ಹೊಸ ಪದ್ಧತಿಯು ಇದನ್ನು ನೀಗಿಸುತ್ತದೆ, ಆದರೆ ಕಂಪ್ಯೂಟರಿನಲ್ಲಿಯೂ ಹೆಡ್‌ಫೋನಿನಲ್ಲಿಯೂ ಅದು ಇರಬೇಕು. ಇಲ್ಲದವರು ಲ್ಯಾಪ್‌ಟಾಪಿನದೇ ಮೈಕನ್ನು ಆರಿಸಿಕೊಂಡರೆ ಹೆಡ್‌ಫೋನಿನ ಶಬ್ದವು ಮಂಕಾಗದು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಆಟಕ್ಕೆ ತಂತಿಯ ಹೆಡ್‌ಫೋನೇ ಮೇಲು, ಬೆಲೆಯೂ ಕಡಿಮೆ.

ದಿಕ್ಕು ತಪ್ಪುವ ದೋಷವೊಂದುಂಟು. ಹೆಜ್ಜೆಯ ಸಪ್ಪಳವು ಬಲದಿಂದ ಬಂದರೂ ಎಲ್ಲಿಂದಲೋ ಬಂದಂತಾಗುವುದು. ಬಾಲಕನಾದ ಸಮುವೇಲನು ಕರೆಯು ಎಲ್ಲಿಂದ ಬಂತೆಂದು ತಿಳಿಯದೆ ಮೂರು ಸಲ ಏಲಿಯ ಬಳಿಗೆ ಓಡಿದನಷ್ಟೆ. ಈ ಮಕ್ಕಳ ಓಟವೂ ಹಾಗೆಯೇ. ಸೌಂಡ್ ಪುಟದಲ್ಲಿ ಮೋನೋ ಆಡಿಯೋ ಎಂಬುದು ತೆರೆದಿದ್ದರೆ ಎರಡು ಕಿವಿಗಳಿಗೂ ಒಂದೇ ಶಬ್ದ ಹೋಗುತ್ತದೆ, ಅದನ್ನು ಮುಚ್ಚಬೇಕು. ವ್ಯಾಲೊರಂಟ್ ಮೊದಲಾದ ಆಟಗಳು ದಿಕ್ಕನ್ನು ತೋರಿಸುವ ಏರ್ಪಾಡನ್ನು ತಮ್ಮೊಳಗೇ ಇಟ್ಟುಕೊಂಡಿವೆ; ಅದರ ಮೇಲೆ ವಿಂಡೋಸಿನ ಸ್ಪೇಶಿಯಲ್ ಸೌಂಡನ್ನೂ ಹಚ್ಚಿದರೆ ಎರಡೂ ಸೇರಿ ಕಲಸಿಹೋಗುತ್ತದೆ. ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು.

ಇನ್ನು ಕೊನೆಯ ಪರೀಕ್ಷೆ. ಒಂದು ಪಕ್ಕದಲ್ಲಿ ಕೇಳಿಸುವುದಿಲ್ಲವೆಂದು ಮಗಳು ಹೇಳಿದರೆ, ಹೆಡ್‌ಫೋನನ್ನು ತಿರುವುಮುರುವಾಗಿ ಹಾಕಿಸಿರಿ. ಎಡದ ಬಟ್ಟಲು ಬಲಗಿವಿಗೆ, ಬಲದ್ದು ಎಡಗಿವಿಗೆ. ಮೌನವು ಬಟ್ಟಲಿನೊಂದಿಗೆ ಆಚೆಗೆ ಹೋದರೆ ಚಿಂತೆಯಿಲ್ಲ, ತಪ್ಪು ಯಂತ್ರದ್ದು. ಮೌನವು ಅದೇ ಕಿವಿಯಲ್ಲಿ ಉಳಿದರೆ ಯಂತ್ರವು ಸರಿಯಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಒಂಭತ್ತನೆಯ ತರಗತಿಯಲ್ಲಿದ್ದ ಒಬ್ಬ ಬಾಲಿಕೆಗೆ ಅವಳ ತಂದೆಯು ಮೂರು ಹೆಡ್‌ಫೋನುಗಳನ್ನು ತಂದುಕೊಟ್ಟಿದ್ದರು. ಮೂರರಲ್ಲಿಯೂ ಎಡಪಕ್ಕ ಕೇಳಿಸದು. ಮೂರನೆಯದನ್ನು ಬೇಕೆಂದೇ ಕೆಡಿಸಿದಳೆಂದು ಮನೆಯಲ್ಲಿ ಗದರಿಕೆಯೂ ಆಗಿತ್ತು. ಕಂಪ್ಯೂಟರ್ ಕೋಣೆಯಲ್ಲಿ ನಮ್ಮ ಅಧ್ಯಾಪಿಕೆಯೊಬ್ಬರು ಅದನ್ನು ತಿರುಗಿಸಿ ಹಾಕಿಸಿದಾಗ, ಹುಡುಗಿಯು ಪುನಃ ಎಡಗಿವಿಯನ್ನೇ ಮುಟ್ಟಿ ತೋರಿಸಿದಳು. ವೈದ್ಯರು ನೋಡಲಾಗಿ ಬಹುಕಾಲದ ಸೋಂಕಿನಿಂದ ಆ ಕಿವಿಯ ತಮಟೆಯು ತೂತಾಗಿತ್ತು. ಅವಳು ತರಗತಿಯ ಎಡತುದಿಯ ಬೆಂಚಿನಲ್ಲಿ, ಪಾಠ ಹೇಳುವವರಿಗೆ ಬಲಗಿವಿಯಾಗುವಂತೆ, ತಾನಾಗಿಯೇ ಕುಳಿತುಕೊಳ್ಳುತ್ತಿದ್ದುದರ ಕಾರಣವು ಆಗ ಎಲ್ಲರಿಗೂ ತಿಳಿಯಿತು. ಒಂದು ಕಿವಿಯು ಚೆನ್ನಾಗಿದ್ದರೆ ಇನ್ನೊಂದರ ಕೊರತೆಯನ್ನು ಮಗುವು ವರ್ಷಗಟ್ಟಲೆ ಯಾರಿಗೂ ತೋರಗೊಡುವುದಿಲ್ಲ. ತನಗೇ ಅದು ಕೊರತೆಯೆಂದು ಗೊತ್ತಿರುವುದಿಲ್ಲ. ಎರಡು ಕಿವಿಗಳಿಗೆ ಬೇರೆ ಬೇರೆಯಾಗಿ ಶಬ್ದವನ್ನು ಕೊಡುವ ಹೆಡ್‌ಫೋನು ಅದನ್ನು ಹೊರಪಡಿಸಿತು.

ಶಬ್ದದ ಮಿತಿಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಹೊರಡಿಸಿದ ಮಾನದಂಡದಲ್ಲಿ, ಮಕ್ಕಳಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ 75 ಡೆಸಿಬೆಲ್ ಎಂದೂ ದೊಡ್ಡವರಿಗೆ 80 ಎಂದೂ ಹೇಳಲ್ಪಟ್ಟಿದೆ. ಮೂರು ಡೆಸಿಬೆಲ್ ಏರಿದರೆ ಕಾಲವು ಅರ್ಧವಾಗಬೇಕು. 78ಕ್ಕೆ 20 ಗಂಟೆ, 81ಕ್ಕೆ 10, 84ಕ್ಕೆ 5. ಹೀಗೆ 90ಕ್ಕೆ ಬರುವಾಗ ಇಡೀ ವಾರಕ್ಕೆ ಉಳಿಯುವುದು ಒಂದೂಕಾಲು ಗಂಟೆ. ಗುಂಡಿಯನ್ನು ಸ್ವಲ್ಪವೇ ತಿರುಗಿಸಿದೆನೆಂದು ಹೇಳುವ ಮಗಳಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಅವಳಿಂದಲೇ ಮಾಡಿಸಿರಿ.

ತಿರುವುಮುರುವು ಪರೀಕ್ಷೆಯಲ್ಲಿ ಮೌನವು ಕಿವಿಯಲ್ಲಿಯೇ ಉಳಿದರೆ, ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಮೊದಲಾದ ಮನೆಮದ್ದುಗಳನ್ನು ದಯವಿಟ್ಟು ಮಾಡಬಾರದು. ಬರಿಯ ಗುಗ್ಗೆಯೇ ಕಾರಣವಾಗಿದ್ದರೂ ಅದನ್ನು ತೆಗೆಯತಕ್ಕವರು ಕಿವಿ ಮೂಗು ಗಂಟಲಿನ ವೈದ್ಯರು. ಹಠಾತ್ತಾಗಿ, ಒಂದೆರಡು ದಿನದೊಳಗೆ, ಕಿವಿಯು ಕೇಳದಂತಾದರೆ ರಜೆಯನ್ನು ಕಾಯದೆ ಅಂದೇ ಹೋಗಬೇಕು. ಶ್ರವಣಶಕ್ತಿಯನ್ನು ಅಳೆಯುವ ಪರೀಕ್ಷೆಯು ಜಿಲ್ಲಾ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದಕ್ಕಾಗಿಯೇ ಇದೆ. ಅಲ್ಲಿ ಕೊಡುವ ನಕ್ಷೆಯ ಒಂದು ಪ್ರತಿಯನ್ನು ಶಾಲೆಗೂ ತಂದುಕೊಟ್ಟರೆ, ತಮ್ಮ ಮಗಳನ್ನು ತರಗತಿಯಲ್ಲಿ ಯಾವ ಕಡೆಗೆ ಕುಳ್ಳಿರಿಸಬೇಕೆಂಬುದನ್ನು ನಾವು ಅದೇ ದಿನ ನಿಶ್ಚಯಿಸುವೆವು.