ಹಾರುವವರಿಗೆ ತಕ್ಕ ರೆಕ್ಕೆ ಯಾವುದು?

ಬೆಂಗಳೂರು: ಹೇರೋಹಳ್ಳಿ, ವಿಜಯನಗರ, ಕೆಂಗೇರಿಯ ಯುವಕರು ಪ್ಯಾರಾಗ್ಲೈಡಿಂಗ್‌ಗಾಗಿ ಹಿಮಾಚಲದ ಬೀರ್‌ಗೆ ಹೊರಡುವುದು ಈಗ ಅಪರೂಪವಲ್ಲ. ಅಪಾಯವೂ ಅಪರಿಚಿತವಲ್ಲ. ಅಲ್ಲಿ ಬೆಂಗಳೂರಿನ 12 ವರ್ಷದ ಬಾಲಕನೊಬ್ಬ ಮೃತಪಟ್ಟ ಹಿನ್ನೆಲೆಯಲ್ಲಿ 2022ರ ಜನವರಿಯಲ್ಲಿ ಹಿಮಾಚಲ ಹೈಕೋರ್ಟ್ ಈ ಹಾರಾಟಕ್ಕೆ ತಾತ್ಕಾಲಿಕ ತಡೆ ನೀಡಿತ್ತು. 2020ರ ಅಕ್ಟೋಬರ್‌ನಲ್ಲಿ ಕಾರವಾರದ ಕಡಲತೀರದಲ್ಲಿ ಎಂಜಿನ್ ಚಾಲಿತ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ಅಸುನೀಗಿದ್ದರು.

ಪ್ರವಾಸಿಗನ ಜೀವ ಜೊತೆಗಿರುವ ಪೈಲಟ್‌ನ ಕೈಯಲ್ಲಿರುತ್ತದೆ. ತಾನೇ ಹಾರಲು ಕಲಿಯುವವನ ಮುಂದಿರುವುದು ಬೇರೆಯೇ ಪ್ರಶ್ನೆ: ಯಾವ ರೆಕ್ಕೆ?

ಪ್ಯಾರಾಗ್ಲೈಡರ್‌ಗೆ ವಿಮಾನದಂತೆ ಗಟ್ಟಿ ಚೌಕಟ್ಟಿಲ್ಲ. ಬಟ್ಟೆಯ ಕೋಶಗಳೊಳಗೆ ನುಗ್ಗುವ ಗಾಳಿಯ ಒತ್ತಡವೇ ಅದಕ್ಕೆ ಆಕಾರ ಕೊಡುತ್ತದೆ. ಮೇಲೇರುವ ಬಿಸಿಗಾಳಿಯ ಅಂಚಿನಲ್ಲಿ ಪ್ರವಾಹ ದಿಢೀರನೆ ಬದಲಾದರೆ ರೆಕ್ಕೆಯ ಒಂದು ಪಕ್ಕ ಮಡಚಿಕೊಳ್ಳಬಹುದು. ಮಡಚಿದ ಬಳಿಕ ಅದು ತಾನಾಗಿಯೇ ಬಿಡಿಸಿಕೊಳ್ಳುವುದೋ, ಗಿರ್ರನೆ ಸುತ್ತಿ ಕೆಳಗೆ ಧಾವಿಸುವುದೋ ಎಂಬುದೇ ಮುಖ್ಯ.

ಐರೋಪ್ಯ ಮಾನದಂಡ ‘ಇಎನ್ 926’ ಅಳೆಯುವುದು ಇದನ್ನೇ. ಪರೀಕ್ಷಾ ಪೈಲಟ್‌ಗಳು ಆಗಸದಲ್ಲಿ ಬೇಕೆಂದೇ ರೆಕ್ಕೆಯನ್ನು ಮಡಚಿ, ಅದರ ವರ್ತನೆಗೆ ಎ, ಬಿ, ಸಿ, ಡಿ ದರ್ಜೆ ನೀಡುತ್ತಾರೆ. ಹಲವು ಪರೀಕ್ಷೆಗಳ ಪೈಕಿ ಅತಿ ಕೆಟ್ಟ ಫಲಿತಾಂಶವೇ ಅಂತಿಮ ದರ್ಜೆ. ‘ಎ’ ರೆಕ್ಕೆ ಪೈಲಟ್‌ನ ತಪ್ಪನ್ನು ಬಹುಮಟ್ಟಿಗೆ ಕ್ಷಮಿಸುತ್ತದೆ. ಕಲಿಯುವವರಿಗೆ ಅದೇ ಸರಿ. ‘ಸಿ’ ನಿಯಮಿತವಾಗಿ ಹಾರುತ್ತ, ಮಡಚಿದ ರೆಕ್ಕೆಯನ್ನು ಸರಿಪಡಿಸಬಲ್ಲವರಿಗೆ. ‘ಡಿ’ ಹಿಂಸಾತ್ಮಕವಾಗಿಯೂ ಪ್ರತಿಕ್ರಿಯಿಸಬಹುದು. ಉದ್ದವಾದ, ಕಿರಿದಾದ ರೆಕ್ಕೆ ಹೆಚ್ಚು ದೂರ ತೇಲುತ್ತದೆ, ನಿಜ. ಆದರೆ ಮಡಚಿದಾಗ ಅದರ ತುದಿ ದಾರಗಳಿಗೆ ಸಿಕ್ಕಿಕೊಳ್ಳುವ ಸಂಭವವೂ ಹೆಚ್ಚು.

ಇಲ್ಲೊಂದು ತಪ್ಪು ಗ್ರಹಿಕೆಯಿದೆ. ಈ ಪರೀಕ್ಷೆ ನಡೆಯುವುದು ಶಾಂತ ಗಾಳಿಯಲ್ಲಿ. ಬೇಸಿಗೆಯ ನಡುಹಗಲಿನ ಪ್ರಕ್ಷುಬ್ಧ ಗಾಳಿಯಲ್ಲಿ ‘ಎ’ ರೆಕ್ಕೆಯೂ ಮಡಚೀತು. ನುರಿತವರೂ ಇದಕ್ಕೆ ಹೊರತಲ್ಲ: 2011ರಲ್ಲಿ ಸ್ಪೇನ್‌ನ ಪಿಯೆದ್ರಾಯಿತಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಬ್ಬರು ಪೈಲಟ್‌ಗಳು ಸಾವಿಗೀಡಾದರು. ಸ್ಪರ್ಧೆ ರದ್ದಾಯಿತು; ದರ್ಜೆಯಿಲ್ಲದ ಸ್ಪರ್ಧಾ ರೆಕ್ಕೆಗಳನ್ನು ಅಂತರರಾಷ್ಟ್ರೀಯ ಸಂಸ್ಥೆ ಅಮಾನತಿನಲ್ಲಿರಿಸಿತು.

ದರ್ಜೆಯಷ್ಟೇ ಮುಖ್ಯವಾದುದು ತೂಕ. ರೆಕ್ಕೆಯ ಮೇಲೆ 80ರಿಂದ 100 ಕಿಲೋ ಎಂದಿದ್ದರೆ ಅದು ಹಾರುವವನ ಮೈತೂಕವಲ್ಲ; ಆಸನ, ಹೆಲ್ಮೆಟ್, ತುರ್ತು ಪ್ಯಾರಾಚೂಟ್, ನೀರಿನ ಬಾಟಲಿ, ಸ್ವತಃ ರೆಕ್ಕೆ ಎಲ್ಲವೂ ಸೇರಿದ ಮೊತ್ತ. ಹಗುರ ಪೈಲಟ್‌ಗೆ ದೊಡ್ಡ ರೆಕ್ಕೆಯಾದರೆ ಅದು ಸಡಿಲಗೊಂಡು ಸುಲಭವಾಗಿ ಮಡಚುತ್ತದೆ. ಭಾರ ಹೆಚ್ಚಿದರೆ ವೇಗವೂ ಪ್ರತಿಕ್ರಿಯೆಯ ರಭಸವೂ ಏರುತ್ತವೆ. ಈ ಮಿತಿ ದಾಟಿದಾಗ ದರ್ಜೆಗೆ ಅರ್ಥವೇ ಇಲ್ಲ. ಅದೇ ಮಾದರಿಯ ಚಿಕ್ಕ ಅಳತೆಗೆ ಬೇರೆ ದರ್ಜೆ ಇರುವುದೂ ಉಂಟು.

ಅಗ್ಗಕ್ಕೆ ಸಿಗುವ ಹಳೆಯ ರೆಕ್ಕೆಗಳದ್ದು ಇನ್ನೊಂದು ಸಮಸ್ಯೆ. ಬಿಸಿಲಿಗೆ ಬಟ್ಟೆ ಗಾಳಿ ಸೋರತೊಡಗುತ್ತದೆ, ದಾರಗಳ ಉದ್ದ ವ್ಯತ್ಯಾಸವಾಗುತ್ತದೆ. ಕಾರ್ಖಾನೆಯಿಂದ ‘ಎ’ ಆಗಿ ಬಂದುದು ಆಗ ‘ಎ’ಯಂತೆ ವರ್ತಿಸಬೇಕೆಂದಿಲ್ಲ. ದರ್ಜೆ ಹಾಗೂ ತೂಕದ ಮಿತಿಯನ್ನು ರೆಕ್ಕೆಯ ಒಳಬದಿಯ ಪಟ್ಟಿಯಲ್ಲಿ ಮುದ್ರಿಸಿರುತ್ತಾರೆ. ತಪಾಸಣೆಯಾಗಿದ್ದರೆ ಅದರ ದಿನಾಂಕವೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.