ಅರ್ಧ ಗಂಟೆಯಲ್ಲಿ ಪೌಷ್ಟಿಕ ಕಾಳು ಸಾರು

ಕ್ಯಾಸಂಬಳ್ಳಿ, ಬೇತಮಂಗಲ, ಕೆ.ಜಿ.ಎಫ್. ಕಡೆಯ ಅನೇಕರು ನಸುಕಿನಲ್ಲೇ ಎದ್ದು, ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲಂತೂ ಹಲವು ಮನೆಗಳಿಗೆ ಇದೇ ದಾರಿಯಾಯಿತು. ಅಂಥ ಒಂದು ಮನೆಯ ಸೊಸೆ ಈಚೆಗೆ ನನ್ನ ಬಳಿ ಬಂದಿದ್ದರು. ಮಗಳಿಗೆ ರಕ್ತಹೀನತೆ, ಮಾವನವರಿಗೆ ಸಕ್ಕರೆ ಕಾಯಿಲೆ. ರಾತ್ರಿ ಊಟಕ್ಕೆ ಏನು ಮಾಡುತ್ತೀರಮ್ಮ ಎಂದು ಕೇಳಿದೆ. "ಮನೆ ಸೇರೋದೇ ಎಂಟು ಗಂಟೆಗೆ ಡಾಕ್ಟ್ರೇ. ಕಾಳು ಬೇಯಿಸೋಕೆ ಹೊತ್ತೆಲ್ಲಿ? ಮಕ್ಕಳಿಗೆ ನೂಡಲ್ಸು, ಮಾವನಿಗೆ ಅನ್ನ, ತಿಳಿಸಾರು" ಎಂದರು.

ಇಬ್ಬರಿಗೂ ಬೇಕಾದ ಆಹಾರ ಒಂದೇ ಪಾತ್ರೆಯಲ್ಲಿದೆ. ಅದೇ ನಮ್ಮ ಕಾಳು ಸಾರು.

ಕಾಳಿನಲ್ಲಿ ಏನಿದೆ?

ಹುರುಳಿ, ಅಲಸಂದೆ, ಒಣ ಅವರೆ, ಕಡಲೆ ಮುಂತಾದ 100 ಗ್ರಾಂ ಕಾಳಿನಲ್ಲಿ ಸುಮಾರು 20 ಗ್ರಾಂ ಪ್ರೊಟೀನ್ ಇರುತ್ತದೆ. ಧಾನ್ಯಗಳಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಕಾಳುಗಳಲ್ಲಿ ಧಾರಾಳವಾಗಿದೆ. ಆದ್ದರಿಂದ ಮುದ್ದೆಯ ಜೊತೆ ಕಾಳು ಸಾರು ಉಣ್ಣುವ ನಮ್ಮ ಹಿರಿಯರ ರೂಢಿ ಬಹಳ ಸರಿಯಾದದ್ದು. ಕಾಳಿನಲ್ಲಿ ನಾರಿನಂಶ ಹೆಚ್ಚಿರುವುದರಿಂದ ರಕ್ತದಲ್ಲಿ ಸಕ್ಕರೆ ನಿಧಾನವಾಗಿ ಏರುತ್ತದೆ. ಸಕ್ಕರೆ ಕಾಯಿಲೆಯವರು ಮುದ್ದೆಯನ್ನು ಚಿಕ್ಕದು ಮಾಡಿ ಕಾಳನ್ನು ಹೆಚ್ಚು ಹಾಕಿಕೊಳ್ಳಲಿ.

ಕಾಳಿನಲ್ಲಿ ಕಬ್ಬಿಣದ ಅಂಶವೂ ಇದೆ. ಅದು ದೇಹಕ್ಕೆ ಹತ್ತಬೇಕಾದರೆ ಸಿ ಜೀವಸತ್ವ ಜೊತೆಗಿರಬೇಕು. ಬಡಿಸಿದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟವಾದ ಕೂಡಲೇ ಕಾಫಿ, ಟೀ ಬೇಡ. ರಕ್ತಹೀನತೆಗೆ ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಬಿಡಬಾರದು.

ಮಾಡುವ ವಿಧಾನ (ನಾಲ್ವರಿಗೆ)

ಹಿಂದಿನ ರಾತ್ರಿಯೇ ಒಂದು ಲೋಟ ಹುರುಳಿ ಅಥವಾ ಅಲಸಂದೆಯನ್ನು ತೊಳೆದು ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಕೆಲಸಕ್ಕೆ ಹೊರಡಿ. ಸಂಜೆಗೆ ಮೊಳಕೆ ಇಣುಕಿದರೆ ಒಳ್ಳೆಯದು, ಇಲ್ಲದಿದ್ದರೂ ಚಿಂತೆಯಿಲ್ಲ. ಮನೆಗೆ ಬಂದೊಡನೆ ಕಾಳನ್ನು ಐದು ಲೋಟ ನೀರಿನೊಂದಿಗೆ ಕುಕ್ಕರಿಗೆ ಹಾಕಿ. ಒಂದು ಕೂಗು ಬಂದ ಮೇಲೆ ಉರಿ ಸಣ್ಣಗೆ ಮಾಡಿ ಹತ್ತು ನಿಮಿಷ ಬೇಯಿಸಿ.

ಅಷ್ಟರಲ್ಲಿ ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಎರಡು ಟೊಮ್ಯಾಟೊಗಳನ್ನು ಎರಡು ಚಮಚ ಎಣ್ಣೆಯಲ್ಲಿ ಬಾಡಿಸಿ. ಎರಡು ಚಮಚ ಸಾರಿನ ಪುಡಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಮತ್ತು ಒಂದು ಸೌಟು ಬೆಂದ ಕಾಳು ಸೇರಿಸಿ ರುಬ್ಬಿ. ಕಾಳನ್ನೇ ರುಬ್ಬಿ ಹಾಕುವುದರಿಂದ ಹೆಚ್ಚು ತೆಂಗಿನಕಾಯಿಯಿಲ್ಲದೆ ಸಾರು ಗಟ್ಟಿಯಾಗುತ್ತದೆ. ಕಾಳು ಬೆಂದ ನೀರನ್ನು ಚೆಲ್ಲದೆ ಎಲ್ಲವನ್ನೂ ಬೆರೆಸಿ, ಒಂದು ಹಿಡಿ ನುಗ್ಗೆಸೊಪ್ಪು ಹಾಕಿ ಐದು ನಿಮಿಷ ಕುದಿಸಿ. ನಾಲ್ವರ ಸಾರಿಗೆ ಒಂದು ಸಣ್ಣ ಚಮಚ ಉಪ್ಪು ಸಾಕು.

ಕಾಳು ಬೇಯುವುದೇ ಇಲ್ಲವೇ?

ನಮ್ಮ ಕೊಳವೆಬಾವಿ ನೀರು ಗಡಸು. ಅದರಲ್ಲಿರುವ ಸುಣ್ಣದಂಶದಿಂದ ಕಾಳು ಬೇಗ ಮೆತ್ತಗಾಗುವುದಿಲ್ಲ. ನೆನೆಸಲು ಮತ್ತು ಬೇಯಿಸಲು ಶುದ್ಧ ನೀರಿನ ಘಟಕದ ನೀರನ್ನು ಬಳಸಿ ನೋಡಿ. ಹುಣಸೆ, ಟೊಮ್ಯಾಟೊಗಳನ್ನು ಕಾಳು ಬೆಂದ ಮೇಲೆಯೇ ಸೇರಿಸಬೇಕು. ಸೋಡಾಪುಡಿ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ.

ಮಾಂಸ ಬೇಕೆನ್ನುವವರಿಗೆ

ಮಕ್ಕಳು ಇಷ್ಟಪಡುತ್ತಾರೆಂದು ಪ್ಯಾಕೆಟ್ಟಿನ ಸಾಸೇಜ್ ಕತ್ತರಿಸಿ ಹಾಕುವ ಮನೆಗಳೂ ಇವೆ. ಅದರಲ್ಲಿ ಉಪ್ಪು ಮತ್ತು ಕೊಬ್ಬು ಹೆಚ್ಚು. ಇಂಥ ಸಂಸ್ಕರಿಸಿದ ಮಾಂಸದಿಂದ ದೊಡ್ಡ ಕರುಳಿನ ಕ್ಯಾನ್ಸರ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ತಿಳಿಸಿತು. ಎಂದೋ ಒಮ್ಮೆ ತಿಂದರೆ ಹೆದರಬೇಕಿಲ್ಲ, ದಿನನಿತ್ಯದ ಅಭ್ಯಾಸ ಬೇಡ. ಬೇಯಿಸಿದ ಮೊಟ್ಟೆ ಅಥವಾ ನಾಲ್ಕು ತುಂಡು ಕೋಳಿ ಹಾಕಿದರೆ ರುಚಿಯೂ ಇದೆ, ಪ್ರೊಟೀನೂ ಇದೆ.

ಎಚ್ಚರಿಕೆ

ರಾಜ್ಮಾ ಬಳಸುವವರು ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಕುದಿಸಿಯೇ ತಿನ್ನಬೇಕು. ಅರೆಬೆಂದ ರಾಜ್ಮಾದಿಂದ ವಾಂತಿ, ಭೇದಿ ಆಗುತ್ತದೆ. ಹೊಟ್ಟೆಯುಬ್ಬರ ಇರುವವರು ಸ್ವಲ್ಪದರಿಂದ ಆರಂಭಿಸಲಿ. ಮೂತ್ರಪಿಂಡದ ತೊಂದರೆಯಿರುವವರು ಕಾಳು ಎಷ್ಟು ತಿನ್ನಬೇಕೆಂದು ತಮ್ಮ ವೈದ್ಯರನ್ನು ಕೇಳಿ ತಿಳಿಯುವುದು ಒಳಿತು.

ಉಳಿದವರಿಗೆ ಬೇಕಾಗಿರುವುದು ಇಷ್ಟೇ: ರಾತ್ರಿ ಮಲಗುವ ಮುನ್ನ ಒಂದು ಲೋಟ ಕಾಳು ನೆನೆಹಾಕುವ ನೆನಪು.