ಎಳೆಮಕ್ಕಳ ಆಟಿಕೆ ತೋಟದಲ್ಲೇ ಇದೆ

ಕೊಯ್ಲು, ಸುಲಿತ, ಹಟ್ಟಿ ಕೆಲಸ, ಅಡುಗೆ. ಇದರ ನಡುವೆ ಮನೆಯಲ್ಲೊಂದು ಒಂದೂವರೆ ವರ್ಷದ ಮಗು. ಕೆಲಸದವರು ಸಿಗದ ಕಾಲದಲ್ಲಿ ಗಂಡ-ಹೆಂಡತಿ ಇಬ್ಬರೂ ತೋಟಕ್ಕಿಳಿಯಲೇಬೇಕು. ಮಗುವನ್ನು ಸುಮ್ಮನಿರಿಸಲು ಸುಲಭದ ದಾರಿ ಅಂದ್ರೆ ಕೈಗೊಂದು ಮೊಬೈಲು ಕೊಡೋದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಗ್ಗೆ ಸಲಹೆ ಕೊಟ್ಟಿದೆ. ಎರಡು ವರ್ಷದ ಒಳಗಿನ ಮಗುವಿಗೆ ಟೀವಿ, ಮೊಬೈಲು ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು. ನಡೆಯಲು ಕಲಿತ ಮಗು ದಿನಕ್ಕೆ ಒಟ್ಟು 3 ಗಂಟೆಯಾದರೂ ಓಡಾಡಿ ಆಡಬೇಕು. ಅಂಗನವಾಡಿ ಕಲಿಕೆ ಶುರುವಾಗುವುದು ಮೂರು ವರ್ಷಕ್ಕೆ. ಅಲ್ಲಿವರೆಗೆ ನಮ್ಮ ಅಂಗಳವೇ ಶಾಲೆ.

ಆಟಿಕೆಗೆ ದುಡ್ಡು ಹಾಕಬೇಕಾಗಿಲ್ಲ. ಆದರೆ ಆಡಲು ಅಪಾಯವಿಲ್ಲದ ಜಾಗ ಮಾತ್ರ ನಾವೇ ಮಾಡಿಕೊಡಬೇಕು. ಗಿಡ ನೆಡುವ ಮೊದಲು ಬೇಲಿ ಹಾಕುವುದಿಲ್ಲವೇ, ಹಾಗೆ.

ಅಳತೆಗೊಂದು ಪೈಪ್ ತುಂಡು

ಎಳೆಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ. ಅವರು ವಸ್ತುವನ್ನು ತಿಳಿದುಕೊಳ್ಳುವ ಕ್ರಮವೇ ಅದು, ಗದರಿಸಿ ಪ್ರಯೋಜನವಿಲ್ಲ. ನೀರಾವರಿಗೆ ತಂದು ಉಳಿದ ಒಂದೂವರೆ ಇಂಚಿನ ಪಿವಿಸಿ ಪೈಪಿನ ಗೇಣುದ್ದದ ತುಂಡನ್ನು ಅಡುಗೆಮನೆಯಲ್ಲಿ ತೂಗಿಹಾಕಿ. ಅದರೊಳಗೆ ತೂರಿ ಹೋಗುವ ಯಾವುದೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಬೇಡ.

ಈ ಲೆಕ್ಕದಲ್ಲಿ ಅಡಿಕೆ, ನೆಲಗಡಲೆ, ಹುಣಸೆಬೀಜ, ಹಲಸಿನ ಬೀಜ, ಗೋಲಿ ಎಲ್ಲವೂ ಹೊರಗೆ. ಗಡಿಯಾರ, ರಿಮೋಟುಗಳಲ್ಲಿರುವ ಬಟನ್ ಬ್ಯಾಟರಿ ಇನ್ನೂ ಕೆಟ್ಟದು. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ಕಾಯಬೇಡಿ, ಆಸ್ಪತ್ರೆಗೆ ಓಡಿ.

ಯಾವ ಪ್ರಾಯಕ್ಕೆ ಯಾವುದು?

ಮೊದಲ ಮೂರು ತಿಂಗಳು: ಹೊಸ ಮಗುವಿಗೆ ಚೆನ್ನಾಗಿ ಕಾಣುವುದು ಒಂದು ಅಡಿಯೊಳಗಿನದ್ದು ಮಾತ್ರ. ಹಾಗಾಗಿ ದೊಡ್ಡ ಆಟಿಕೆ ನಿಮ್ಮ ಮುಖವೇ. ತೆಂಗಿನ ಗರಿಯಲ್ಲಿ ಗಿಳಿ, ಗಿರಿಗಿಟಿ ಹೆಣೆದು ತೋರಿಸಿ. ತೊಟ್ಟಿಲ ಮೇಲೆ ಕಟ್ಟುವುದಾದರೆ ಕೈಗೆ ಎಟುಕದಷ್ಟು ಎತ್ತರದಲ್ಲಿ, ಬಿಗಿಯಾಗಿ ಕಟ್ಟಿ. ಎಚ್ಚರವಿದ್ದಾಗ ಚಾಪೆ ಮೇಲೆ ಕವುಚಿ ಮಲಗಿಸಿ, ಪಕ್ಕದಲ್ಲೇ ಕೂತಿರಿ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಅರ್ಧ ಗಂಟೆ ಆದರೆ ಕತ್ತು, ಬೆನ್ನು ಗಟ್ಟಿಯಾಗುತ್ತದೆ. ನಿದ್ದೆಗೆ ಮಾತ್ರ ಅಂಗಾತ.

ನಾಲ್ಕರಿಂದ ಎಂಟು ತಿಂಗಳು: ಹಳೆ ಹತ್ತಿಸೀರೆಯ ಚೆಂಡು. ಮುಷ್ಟಿಗಿಂತ ದೊಡ್ಡದಿರಲಿ, ಗುಂಡಿ, ಮಣಿ ಬೇಡ. ಎರಡು ಪದರ ಬಟ್ಟೆಯೊಳಗೆ ಒಣಗಿದ ಬಾಳೆಲೆ ಇಟ್ಟು ಸುತ್ತಲೂ ಒತ್ತಾಗಿ ಹೊಲಿದರೆ ಹಿಸುಕಿದಾಗ ಪರಪರ ಸದ್ದು! ಎಲೆ ಪುಡಿಯಾದಾಗ ಬಿಚ್ಚಿ ಬಟ್ಟೆ ತೊಳೆದು ಬೇರೆ ಎಲೆ ಹಾಕಿ.

ಅಂಬೆಗಾಲಿಡುವಾಗ: ಮಂಗಳೂರು ಸೌತೆಯೊಂದನ್ನು ನೆಲದಲ್ಲಿ ಉರುಳಿಸಿ ಬಿಡಿ. ಅದು ಚೆಂಡಿನ ಹಾಗೆ ಓಡಿ ಹೋಗುವುದಿಲ್ಲ. ಸ್ವಲ್ಪ ಉರುಳಿ ನಿಲ್ಲುತ್ತದೆ. ಮಗು ಹಿಂದಿನಿಂದ ಬಂದು ಹಿಡಿಯುತ್ತದೆ. ಆಟ ಮುಗಿದ ಮೇಲೆ ತೊಳೆದು ಸಾಂಬಾರಿಗೆ! ತೆಂಗಿನ ಗೆರಟೆಯ (ಕರಟದ) ನಾರು ಹೆರೆದು, ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿದರೆ ಬಡಿದು ಸದ್ದು ಮಾಡಲು, ಒಂದರ ಮೇಲೊಂದು ಪೇರಿಸಲು ಆಯಿತು. ನುಣುಪಾಯಿತೇ ಅಂತ ನಿಮ್ಮ ತುಟಿಗೆ ತಾಗಿಸಿ ನೋಡಿ. ಕೈಗೆ ಗೊತ್ತಾಗದ ಸಿಬಿರು ತುಟಿಗೆ ಗೊತ್ತಾಗುತ್ತದೆ.

ಒಂದು ವರ್ಷದ ಮೇಲೆ: ತುಂಬುವುದು, ಸುರಿಯುವುದು, ಮತ್ತೆ ತುಂಬುವುದು. ಈ ಪ್ರಾಯದವರಿಗೆ ಇದರಷ್ಟು ಇಷ್ಟದ ಆಟ ಬೇರಿಲ್ಲ. ಒಂದು ಬುಟ್ಟಿ, ನಾಲ್ಕು ಗೆರಟೆ, ಉದುರಿದ ಎಳೆ ತೆಂಗಿನಕಾಯಿ ಕೊಡಿ. ಕಾಯಿ ಪೈಪಿನ ಪರೀಕ್ಷೆಯಲ್ಲಿ ಪಾಸಾಗಿರಬೇಕು. ನಡೆಯಲು ಕಲಿಯುವಾಗ ಬಡಗಿಯ ಹತ್ತಿರ ಮಾಡಿಸಿದ ಮೂರು ಚಕ್ರದ ಮರದ ತಳ್ಳುಗಾಡಿ ಒಳ್ಳೆಯದು. ಒಳಗೆ ಕೂರಿಸಿ ಬಿಡುವ ಪ್ಲಾಸ್ಟಿಕ್ ವಾಕರ್ ಬೇಡ. ಅದರಿಂದ ಬೇಗ ನಡೆಯುವುದೂ ಇಲ್ಲ, ಮೆಟ್ಟಿಲಿಂದ ಉರುಳುವುದು ಬೇರೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ಎರಡು ವರ್ಷದ ಮೇಲೆ: ನಮ್ಮ ಹಾಳೆ ಬಂಡಿ! ಅಗಲದ ಹಾಳೆ ಇರುವ ಸೋಗೆ ಆರಿಸಿ. ಹಾಳೆಯನ್ನು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿದರೆ ಒಡೆಯುವುದಿಲ್ಲ. ಚೂಪಾದ ಅಂಚು ಕತ್ತರಿಸಿ ಮಗುವನ್ನು ಕೂರಿಸಿ, ಗುಡಿಸಿದ ಅಂಗಳದಲ್ಲಿ ನಡೆಯುವ ವೇಗದಲ್ಲಿ ಎಳೆಯಿರಿ. ಇಳಿಜಾರು ಬೇಡ. ದೊಡ್ಡ ಮಕ್ಕಳ ಕೈಗೆ ಎಳೆಯಲು ಕೊಟ್ಟರೆ ಅದು ರೇಸ್ ಆಗುತ್ತದೆ, ನೀವೇ ಎಳೆಯಿರಿ.

ಅಂಗಳದಲ್ಲೊಂದು ಬೇಲಿ

ಮನೆ ಎದುರು, ಅಡುಗೆಮನೆಯಿಂದ ಕಾಣುವ ಕಡೆ 8 ಅಡಿ ಉದ್ದ, 8 ಅಡಿ ಅಗಲದ ಜಾಗ ಸಾಕು. ಅಡಿಕೆ ಮರ ಸಿಗಿದ ಪಟ್ಟಿಗಳನ್ನು ಚೆನ್ನಾಗಿ ಉಜ್ಜಿ ಎರಡೂವರೆ ಅಡಿ ಎತ್ತರಕ್ಕೆ ನಿಲ್ಲಿಸಿ. ಎರಡು ಪಟ್ಟಿಗಳ ನಡುವೆ 3 ಇಂಚಿಗಿಂತ ಹೆಚ್ಚು ಸಂದು ಬೇಡ, ತಲೆ ಸಿಕ್ಕಿಕೊಳ್ಳುತ್ತದೆ. ಅಡ್ಡಪಟ್ಟಿ ಹೊರಬದಿಗೆ ಇರಲಿ. ಒಳಗಿದ್ದರೆ ಅದೇ ಏಣಿ. ಮೇಲೆ ಚಪ್ಪರದ ನೆರಳಿರಲಿ. ತೆಂಗಿನ ಮರದ ಬುಡ ಮಾತ್ರ ಆರಿಸಬೇಡಿ ಮಾರಾಯ್ರೇ! ಒಳಗೆ ಮರಳು ಹಾಕಿದರೆ ರಾತ್ರಿ ಮುಚ್ಚಿಡಿ, ಇಲ್ಲದಿದ್ದರೆ ಬೆಕ್ಕು ಗಲೀಜು ಮಾಡುತ್ತದೆ.

ಬೇಲಿ ಇದೆ ಅಂತ ಮಗುವನ್ನು ಬಿಟ್ಟು ತೋಟಕ್ಕೆ ಹೋಗುವ ಹಾಗಿಲ್ಲ. ಬೇಲಿ ನಮಗೆ ಅರ್ಧ ನಿಮಿಷ ಉಳಿಸಿ ಕೊಡುತ್ತದೆ, ಅಷ್ಟೇ. ಆ ಅರ್ಧ ನಿಮಿಷಕ್ಕೆ ಬೆಲೆಯಿದೆ. ಅಂಗಳದಲ್ಲಿ ಪಿಕಪ್ ಹಿಂದೆ ತೆಗೆಯುವಾಗಲಂತೂ ಮಗು ಯಾರದಾದರೂ ಕೈಯಲ್ಲೇ ಇರಬೇಕು.

ನೀರು ಮತ್ತು ವಿಷ

ನೀರಾಟ ಮಕ್ಕಳಿಗೆ ಪ್ರಾಣ. ಪ್ರಾಣ ತೆಗೆಯುವುದೂ ಅದೇ. ಎಳೆಮಗುವಿಗೆ ಬಾಲ್ದಿಯಲ್ಲಿ ನಾಲ್ಕು ಬೆರಳು ನೀರಿದ್ದರೂ ಸಾಕು. ತಲೆ ಭಾರ, ಮುಗ್ಗರಿಸಿದರೆ ಏಳಲಾಗುವುದಿಲ್ಲ, ಕೂಗಲೂ ಆಗುವುದಿಲ್ಲ. ಆಟ ಮುಗಿದ ಕೂಡಲೇ ಪಾತ್ರೆ ಕವುಚಿಡಿ. ಬಾವಿಗೆ ಕಟ್ಟೆ, ಮೇಲೆ ಬಲೆ ಇರಲಿ. ಪ್ಲಾಸ್ಟಿಕ್ ಶೀಟ್ ಹಾಕಿದ ಹೊಂಡದ ಬದಿ ಜಾರುತ್ತದೆ, ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಅದಕ್ಕೆ ಸುತ್ತ ಬೇಲಿ, ಬಾಗಿಲಿಗೆ ಬೀಗ ಬೇಕೇ ಬೇಕು.

ಮದ್ದು ಬಿಟ್ಟ ದಿನ ಮಗುವನ್ನು ತೋಟಕ್ಕೆ ಒಯ್ಯಬೇಡಿ. ಬೋರ್ಡೋ ಬಿಟ್ಟವರು ಮಿಂದು ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು. ಮೈಲುತುತ್ತಿನ ನೀಲಿ ಹರಳು ನೋಡಲು ಕಲ್ಲುಸಕ್ಕರೆ ಹಾಗೆಯೇ, ಬೀಗ ಹಾಕಿಡಿ. ಕೀಟನಾಶಕದ ಖಾಲಿ ಬಾಟ್ಲಿ ಎಷ್ಟು ತೊಳೆದರೂ ಆಟಿಕೆಯಲ್ಲ. ಗುಲಗಂಜಿ, ಹರಳುಬೀಜ, ಕಾಡುಹರಳು, ಕಣಗಿಲೆ, ಉಮ್ಮತ್ತಿ ಇವೆಲ್ಲ ವಿಷ. ಆಟದ ಜಾಗದ ಆಸುಪಾಸಲ್ಲಿದ್ದರೆ ಕಿತ್ತು ತೆಗೆಯಿರಿ. ಗುಲಗಂಜಿ ತುಂಬಿದ ಗಿಲಕಿಯೂ ಬೇಡ.

ಇಷ್ಟೆಲ್ಲ ಆದರೂ ಗಂಟಲಲ್ಲಿ ಏನಾದರೂ ಸಿಕ್ಕಿ ಮಗುವಿಗೆ ಉಸಿರಾಡಲು, ಅಳಲು ಆಗದಿದ್ದರೆ? ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಒಂದು ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ಕವುಚಿ, ತಲೆ ತಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಡಿಯಿರಿ. ಬಾರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಎರಡು ಬೆರಳಿಂದ 5 ಸಲ ಒತ್ತಿ. ಹೊರಬರುವವರೆಗೆ ಹೀಗೇ ಮಾಡುತ್ತಿರಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಒಮ್ಮೆ ಆರೋಗ್ಯ ಕೇಂದ್ರಕ್ಕೆ ಹೋದಾಗ ಕೇಳಿ, ಮಾಡಿ ತೋರಿಸಿಕೊಳ್ಳಿ. ಒಂದು ವರ್ಷ ದಾಟಿದವರಿಗೆ ಕ್ರಮ ಸ್ವಲ್ಪ ಬೇರೆ, ಅದನ್ನೂ ಕಲಿತಿರಿ.

ಇಪ್ಪತ್ತು ನಿಮಿಷದ ತಿರುಗಾಟ

ಎಳೆಮಗುವಿಗೆ ಪ್ರವಾಸ ಅಂದ್ರೆ ದೂರ ಹೋಗುವುದಲ್ಲ. ಬೆಳಿಗ್ಗೆ 9ರೊಳಗೆ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ ಇಪ್ಪತ್ತು ನಿಮಿಷ ಸಾಕು. ಒಂದು ದಿನ ಹಟ್ಟಿಯಲ್ಲಿ ಕರು ನೋಡುವುದು. ಬಂದು ಸೋಪಿನಲ್ಲಿ ಕೈ ತೊಳೆಯುವುದು ತಪ್ಪಬಾರದು. ಇನ್ನೊಂದು ದಿನ ಗದ್ದೆ ಬದುವಿನಲ್ಲಿ ಕೊಕ್ಕರೆ. ಬೇಸಿಗೆಯಲ್ಲಿ ಹಳ್ಳದ ಪಾದ ಮುಳುಗುವಷ್ಟು ನೀರಲ್ಲಿ, ನಿಮ್ಮ ಕೈ ಹಿಡಿದು. ಮಳೆಗಾಲದಲ್ಲಿ ಹಳ್ಳದ ಹತ್ತಿರವೇ ಬೇಡ.

ಕಂಡದ್ದಕ್ಕೆಲ್ಲ ಹೆಸರು ಹೇಳಿ. ಮಗು ಕೈ ತೋರಿಸಿದ ಕಡೆ ನಿಂತು ನೋಡಿ. ಇರುವೆ ಸಾಲು ನೋಡುವುದರಲ್ಲೇ ಸಮಯ ಮುಗಿದರೆ ಆ ದಿನದ ತಿರುಗಾಟ ಅಷ್ಟೇ.

ಪೇಟೆಗೆ ಹೋದಾಗ ಅರ್ಧ ಗಂಟೆ ಮಗುವಿಗೆಂದೇ ಇಡಿ. ಪುತ್ತೂರು ಕಡೆಯವರಿಗೆ ಕಬಕ-ಪುತ್ತೂರು ಸ್ಟೇಷನ್ನಿನಲ್ಲಿ ರೈಲು ನೋಡುವುದಿದೆ, ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನವಿದೆ. ಉಳಿದವರಿಗೆ ಸಂತೆ, ಬಸ್‌ಸ್ಟ್ಯಾಂಡು ಆದರೂ ಆದೀತು.

ಎರಡು ಮನೆಯವರು ಸೇರಿಕೊಂಡರೆ ಇನ್ನೂ ಸುಲಭ. ಮುಯ್ಯಾಳು ಮಾಡುವ ಹಾಗೆ ಇಂದು ನಿಮ್ಮಲ್ಲಿ, ನಾಳೆ ಅವರಲ್ಲಿ. ನೋಡಿಕೊಳ್ಳುವವರಿಗೆ ಆ ಹೊತ್ತು ಬೇರೆ ಕೆಲಸ ಇರಬಾರದು. ಮಗು ನೋಡುವುದೂ ಒಂದು ಆಳಿನ ಕೆಲಸ ಅಂತ ಲೆಕ್ಕ ಹಿಡಿಯಿರಿ.

ನಿಮ್ಮ ಕಡೆ ಬಿದಿರು, ಜೋಳದ ದಂಟು, ಬಾಳೆದಿಂಡಿನಲ್ಲಿ ಮಾಡುವ ಎಳೆಮಕ್ಕಳ ಆಟಿಕೆ ಇದ್ದರೆ ಅಳತೆ ಸಮೇತ ಬರೆದು ಕಳಿಸಿ. ಉಳಿದವರಿಗೂ ಉಪಕಾರವಾಗುತ್ತದೆ.